ನವೆಂಬರ್ ಒಂದು, ಯಾಕೆ ಆವತ್ತೇ?

"ಇತಿಹಾಸದಲ್ಲಿ ಈ ದಿನ" ಅನ್ನುವ ಪಟ್ಟಿಗಳ ಮೇಲೆ ನನಗೊಂದು ಹಳೇ ಸಿಟ್ಟಿದೆ. ಸುಳ್ಳು ಬರೆದಿರುತ್ತಾರೆ ಅಂತಲ್ಲ. ಬಹಳ ಸಲ ಎಲ್ಲ ಸರಿಯಾಗಿಯೇ ಇರುತ್ತದೆ. ಆದರೆ ಮೊದಲ ಸಾಲಿನಲ್ಲಿ ಭೂಕಂಪ, ಎರಡನೇ ಸಾಲಿನಲ್ಲಿ ನಟಿಯ ಹುಟ್ಟುಹಬ್ಬ, ಮೂರನೆಯದರಲ್ಲಿ ಹೈಡ್ರೋಜನ್ ಬಾಂಬು. ಓದಿ ಮುಗಿಸಿದ ಮೇಲೆ ತಲೆಯಲ್ಲಿ ಏನೂ ನಿಲ್ಲುವುದಿಲ್ಲ. ಒಂದೇ ಬಸ್ಸಿನಲ್ಲಿ ಕೂತವರೆಲ್ಲ ನೆಂಟರಲ್ಲ, ಸರಿ. ಆದರೆ ಕೆಲವರು ನಿಜವಾಗಿ ನೆಂಟರೇ ಆಗಿರುತ್ತಾರಲ್ಲ? ಪಟ್ಟಿ ಅದನ್ನು ಹೇಳುವುದೇ ಇಲ್ಲ.

ನಾನು ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಸಮಾಜ ಪಾಠ ಮಾಡುವವಳು. ನಮ್ಮಲ್ಲಿ ಬೆಳಗಿನ ಅಸೆಂಬ್ಲಿಯಲ್ಲಿ ಮಕ್ಕಳು ಸರದಿ ಪ್ರಕಾರ ಇಂಥ ಪಟ್ಟಿ ಓದುತ್ತಾರೆ. ಮನೆಯಲ್ಲಿ ಅಪ್ಪನ ಮೊಬೈಲ್ ನೋಡಿ ಬರೆದುಕೊಂಡು ಬರುತ್ತಾರೆ. ನವೆಂಬರ್ ಒಂದರಂದು ನಮಗೆ ರಜೆ ಇಲ್ಲ. ತಲಪಾಡಿ ಗಡಿ ದಾಟಿದರೆ ಆಚೆ ಎಲ್ಲ ಶಾಲೆಗೂ ರಾಜ್ಯೋತ್ಸವದ ರಜೆ, ಕೆಂಪು ಹಳದಿ ಬಾವುಟ. ಈಚೆ ಕೇರಳ ಪಿರವಿ, ಅಂದರೆ ಕೇರಳ ಹುಟ್ಟಿದ ದಿನ. ನಮ್ಮ ಟೀಚರುಗಳು ಕಸವು ಸೀರೆ ಉಟ್ಟು ಬರುತ್ತಾರೆ. ನಾನೂ ಉಡುತ್ತೇನೆ. ಚಂದದ ಸೀರೆ, ಅದರ ಮೇಲೆ ಏನು ಜಗಳ?

ಅಂಥ ಒಂದು ನವೆಂಬರ್ ಒಂದರಂದು ಪಟ್ಟಿ ಓದಿದ ಹುಡುಗಿ ಕ್ಲಾಸಿಗೆ ಬಂದ ಮೇಲೆ ಕೇಳಿದಳು: "ಟೀಚರ್, ಕೇರಳ, ಕರ್ನಾಟಕ, ಆಂಧ್ರ, ಹರಿಯಾಣ, ಛತ್ತೀಸ್‌ಗಢ ಎಲ್ಲದಕ್ಕೂ ಒಂದೇ ದಿನ ಬರ್ತ್‌ಡೇನಾ? ಅದು ಹೇಗೆ?"

ಒಳ್ಳೆಯ ಪ್ರಶ್ನೆ. ಆ ಪಟ್ಟಿ ಬರೆದ ಯಾರಿಗೂ ಹೊಳೆಯದ ಪ್ರಶ್ನೆ. ಅವತ್ತಿನ ಪಾಠ ಬದಿಗಿಟ್ಟು ಅದರ ಬೆನ್ನು ಹತ್ತಿದೆವು. ಆಮೇಲೆ ನಾನು ಮನೆಯಲ್ಲಿ ಕೂತು ಇನ್ನಷ್ಟು ಹತ್ತಿದೆ. ಈ ಬರಹ ಆ ಗಂಟು.

ಮೊದಲು ಸುಲಭದ್ದು. ಕರ್ನಾಟಕ, ಕೇರಳ, ಆಂಧ್ರ ಪ್ರದೇಶ ಒಂದೇ ದಿನ ಹುಟ್ಟಿದ್ದು ಒಂದೇ ಕಾನೂನಿನಿಂದ. ಫಜಲ್ ಅಲಿ, ಎಚ್.ಎನ್. ಕುಂಜ್ರು, ಕೆ.ಎಂ. ಪಣಿಕ್ಕರ್ ಇದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರ್ 30ಕ್ಕೆ ವರದಿ ಕೊಟ್ಟಿತು. ಅದರ ಮೇಲೆ ವರ್ಷವಿಡೀ ಜಗಳ ನಡೆದು, 1956ರ ಆಗಸ್ಟ್ ಕೊನೆಗೆ ರಾಜ್ಯ ಪುನರ್ವಿಂಗಡಣಾ ಕಾಯ್ದೆ ಆಯಿತು. ಜಾರಿಗೆ ಬರುವ ದಿನ ನವೆಂಬರ್ 1 ಅಂತ ಅದರಲ್ಲೇ ಬರೆದಿತ್ತು. ಹಿಂದಿನ ರಾತ್ರಿ ಇದ್ದ ಎ, ಬಿ, ಸಿ ಅಂತ ಮೂರು ನಮೂನೆಯ ರಾಜ್ಯಗಳು ಬೆಳಗಾಗುವಾಗ ಇರಲಿಲ್ಲ. 14 ರಾಜ್ಯ, 6 ಕೇಂದ್ರಾಡಳಿತ ಪ್ರದೇಶ ಇದ್ದವು. ಜಯಚಾಮರಾಜ ಒಡೆಯರು ಮೈಸೂರಿನ ರಾಜಪ್ರಮುಖರಾಗಿದ್ದವರು ಅವತ್ತು ರಾಜ್ಯಪಾಲರಾದರು. ಎಸ್. ನಿಜಲಿಂಗಪ್ಪ ಹೊಸ ರಾಜ್ಯದ ಮುಖ್ಯಮಂತ್ರಿ. ಅಂದರೆ ಇಲ್ಲಿ ಕಾಕತಾಳೀಯ ಅನ್ನುವುದು ಏನೂ ಇಲ್ಲ. ಒಂದು ಹೆರಿಗೆ, ಹಲವು ಮಕ್ಕಳು.

ಸರಿ, ಒಂದೇ ತಾರೀಖು ಯಾಕೆ ಅಂತ ಗೊತ್ತಾಯಿತು. ಒಂದನೇ ತಾರೀಖೇ ಯಾಕೆ? ಇದಕ್ಕೆ ಯಾವುದಾದರೂ ಸರ್ಕಾರಿ ಕಚೇರಿಯ ಗುಮಾಸ್ತರನ್ನು ಕೇಳಿ. ಸಂಬಳ, ಖಜಾನೆ, ಕಂದಾಯ ಎಲ್ಲ ತಿಂಗಳ ಲೆಕ್ಕದಲ್ಲಿ ನಡೆಯುವಂಥದ್ದು. ಹದಿನೇಳನೇ ತಾರೀಖಿಗೆ ತಾಲೂಕು ಕೈ ಬದಲಾದರೆ ಅರ್ಧ ತಿಂಗಳ ಸಂಬಳ ಯಾರು ಕೊಡಬೇಕು? ಅದಕ್ಕೂ ಮೊದಲು ಆಂಧ್ರ ರಾಜ್ಯ ಮದರಾಸಿನಿಂದ ಬೇರೆಯಾದದ್ದು 1953ರ ಅಕ್ಟೋಬರ್ 1. ಬಳ್ಳಾರಿಯ ಬಹುಪಾಲು ತಾಲೂಕುಗಳು ಮೈಸೂರಿಗೆ ಬಂದದ್ದೂ ಅದೇ ದಿನ. ಮಹಾರಾಷ್ಟ್ರ, ಗುಜರಾತ್ 1960ರ ಮೇ 1. ನಾಗಾಲ್ಯಾಂಡ್ 1963ರ ಡಿಸೆಂಬರ್ 1. ಪಂಜಾಬಿನಿಂದ ಹರಿಯಾಣ 1966ರ ನವೆಂಬರ್ 1. ಎಲ್ಲ ಒಂದನೇ ತಾರೀಖುಗಳೇ.

ಇದು ನಮ್ಮ ದೇಶದ ಚಾಳಿ ಮಾತ್ರ ಅಲ್ಲ. ಯುರೋಪಿಯನ್ ಯೂನಿಯನ್ನನ್ನು ಹುಟ್ಟಿಸಿದ ಮಾಸ್ಟ್ರಿಕ್ಟ್ ಒಪ್ಪಂದವೂ ನವೆಂಬರ್ 1ರ ಪಟ್ಟಿಯಲ್ಲಿದೆ, ವರ್ಷ 1993. ಅದು ಆ ವರ್ಷದ ಜನವರಿಗೇ ಜಾರಿಯಾಗಬೇಕಿತ್ತು. ಡೆನ್ಮಾರ್ಕಿನ ಜನ ಮೊದಲ ಸಲ ಬೇಡ ಅಂದರು, ಜರ್ಮನಿಯಲ್ಲಿ ಕೋರ್ಟು ಕೇಸು ಆಯಿತು. ತಡವಾದರೆ ಕೊನೆಯ ದೇಶ ಒಪ್ಪಿಗೆ ಪತ್ರ ಕೊಟ್ಟ ಮುಂದಿನ ತಿಂಗಳ ಒಂದನೇ ತಾರೀಖಿಗೆ ಜಾರಿ ಅಂತ ಒಪ್ಪಂದದಲ್ಲೇ ಬರೆದಿತ್ತು. ಜರ್ಮನಿ ಕೊಟ್ಟದ್ದು ಅಕ್ಟೋಬರಿನಲ್ಲಿ. ಹಾಗಾಗಿ ನವೆಂಬರ್ 1. ಕರ್ನಾಟಕಕ್ಕೂ ಯುರೋಪಿಯನ್ ಯೂನಿಯನ್ನಿಗೂ ಒಂದೇ ಹುಟ್ಟುಹಬ್ಬ ಅಂತ ಹೆಮ್ಮೆ ಪಡುವವರು ಪಡಲಿ. ಅಲ್ಲಿ ಇರುವುದು ಗುಮಾಸ್ತರ ಅನುಕೂಲ, ಅಷ್ಟೇ.

ಎಲ್ಲರೂ ಗುಮಾಸ್ತರ ಮಾತು ಕೇಳುವುದಿಲ್ಲ, ಅದೂ ನಿಜ. 2000ದ ನವೆಂಬರಿನಲ್ಲಿ ಮೂರು ರಾಜ್ಯ ಹುಟ್ಟಿದವು. ಛತ್ತೀಸ್‌ಗಢ 1ಕ್ಕೆ, ಉತ್ತರಾಂಚಲ 9ಕ್ಕೆ, ಜಾರ್ಖಂಡ್ 15ಕ್ಕೆ. ನವೆಂಬರ್ 15 ಬಿರ್ಸಾ ಮುಂಡಾ ಹುಟ್ಟಿದ ದಿನ. ಜಾರ್ಖಂಡಿನವರಿಗೆ ಖಜಾನೆ ಲೆಕ್ಕಕ್ಕಿಂತ ಅದು ಮುಖ್ಯವಾಗಿತ್ತು.

ಈಗ ನಮ್ಮೂರಿನ ವಿಷಯ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

1956ರ ಅಕ್ಟೋಬರ್ 31ರವರೆಗೆ ನಾವು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಮಂಗಳೂರೇ ಜಿಲ್ಲಾ ಕೇಂದ್ರ. ನವೆಂಬರ್ 1ಕ್ಕೆ ಮಂಗಳೂರು ಮೈಸೂರು ರಾಜ್ಯಕ್ಕೆ, ಕಾಸರಗೋಡು ತಾಲೂಕು ಕೇರಳಕ್ಕೆ. ಕೋರ್ಟು, ಆಸ್ಪತ್ರೆ, ಕಾಲೇಜು, ಬಟ್ಟೆ ಅಂಗಡಿ ಅಂತ ಎಲ್ಲಕ್ಕೂ ಮಂಗಳೂರಿಗೆ ಹೋಗುತ್ತಿದ್ದವರು ಒಂದು ಬೆಳಗ್ಗೆ ಬೇರೆ ರಾಜ್ಯದವರಾದರು. ಆಸ್ಪತ್ರೆಗೂ ಬಟ್ಟೆಗೂ ಈಗಲೂ ಅಲ್ಲಿಗೇ ಹೋಗುತ್ತೇವೆ, ಅದು ಬೇರೆ ಮಾತು. ಕವಿ ಕಯ್ಯಾರ ಕಿಞ್ಞಣ್ಣ ರೈ ಮೇಷ್ಟ್ರು ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಬದುಕಿಡೀ ಹೋರಾಡಿದರು. ಅವರೂ ನಮ್ಮ ಹಾಗೆ ಶಾಲೆಯಲ್ಲಿ ಪಾಠ ಮಾಡುತ್ತಿದ್ದವರು, ಪೆರಡಾಲದಲ್ಲಿ. ನೂರು ವರ್ಷ ತುಂಬಿ 2015ರಲ್ಲಿ ತೀರಿಕೊಂಡರು. 1966ರಲ್ಲಿ ನೇಮಕವಾದ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಕೊಡಬೇಕು ಅಂತ ಮರು ವರ್ಷವೇ ಹೇಳಿತು. ವರದಿ ಹಾಗೇ ಉಳಿಯಿತು.

ನಮ್ಮ ಮಕ್ಕಳಿಗೆ ಇದರಲ್ಲಿ ಹಿಂದಿನವರಷ್ಟು ಬಿಸಿ ಇಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಫೋನಿನಲ್ಲಿ ಇಂಗ್ಲಿಷ್. ಅವರಿಗೆ ಅಚ್ಚರಿ ಆದದ್ದು ಇನ್ನೊಂದು ಸಂಗತಿ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳಿಗೆ ಅಮಿನ್‌ದಿವಿ ಅಂತ ಹೆಸರು. ಅವು ಟಿಪ್ಪುವಿನ ಕೈಗೆ ಬಂದು, ಅವನು ಸತ್ತ ಮೇಲೆ ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಕಲೆಕ್ಟರು ಆ ದ್ವೀಪಗಳಿಗೂ ಕಲೆಕ್ಟರು. ಅಲ್ಲಿನ ತೆಂಗಿನ ನಾರು ಮಂಗಳೂರಿಗೆ, ಇಲ್ಲಿನ ಅಕ್ಕಿ ಅಲ್ಲಿಗೆ. ಅದೇ ನವೆಂಬರ್ 1ಕ್ಕೆ ಅವೂ ಜಿಲ್ಲೆಯಿಂದ ಕಳಚಿಕೊಂಡು ಕೇಂದ್ರಾಡಳಿತ ಪ್ರದೇಶ ಆದವು. ಈಗಲೂ ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಮಂಜಿ ಅನ್ನುವ ಮರದ ಹಡಗುಗಳು ಸಾಮಾನು ಹೊತ್ತುಕೊಂಡು ಹೋಗುತ್ತವೆ. ಕಾಸರಗೋಡು ಹೋಯಿತು ಅಂತ ಎಲ್ಲರೂ ಹೇಳುತ್ತಾರೆ. ಅಮಿನ್‌ದಿವಿ ಹೋಯಿತು ಅಂತ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಒಂದೇ ದಿನವನ್ನು ಬೇರೆ ಬೇರೆ ಊರು ಹೇಗೆ ನೆನಪಿಟ್ಟುಕೊಳ್ಳುತ್ತದೆ ನೋಡಿ. ಬೆಳಗಾವಿಯಲ್ಲಿ ಚೆನ್ನಮ್ಮ ವೃತ್ತದ ಸುತ್ತ ಕಾಲಿಡಲು ಜಾಗ ಇರದಷ್ಟು ಜನ ರಾಜ್ಯೋತ್ಸವಕ್ಕೆ ಸೇರುತ್ತಾರೆ. ಅದೇ ಊರಿನಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯವರು ಕಪ್ಪು ಬಟ್ಟೆ ಕಟ್ಟಿಕೊಂಡು ಕರಾಳ ದಿನ ಮಾಡುತ್ತಾರೆ. ತಮಿಳುನಾಡಿಗೆ ಆ ದಿನ ಕನ್ಯಾಕುಮಾರಿ ಸಿಕ್ಕಿತು, ಇನ್ನು ಕೆಲವು ಪ್ರದೇಶ ಹೋಯಿತು. ಅಲ್ಲಿ ಒಂದು ಸರ್ಕಾರ 2019ರಲ್ಲಿ ನವೆಂಬರ್ 1 ತಮಿಳುನಾಡು ದಿನ ಅಂತ ಘೋಷಿಸಿತು. ಮುಂದಿನ ಸರ್ಕಾರ 2021ರಲ್ಲಿ ಅದು ಬೇಡ, ಜುಲೈ 18 ಇರಲಿ ಅಂದಿತು. 1967ರ ಜುಲೈ 18ಕ್ಕೆ ಮದರಾಸಿನ ಹೆಸರನ್ನು ತಮಿಳುನಾಡು ಅಂತ ಬದಲಿಸುವ ನಿರ್ಣಯ ಆಗಿತ್ತು. ಗಡಿ ಕಳೆದುಕೊಂಡ ದಿನಕ್ಕಿಂತ ಹೆಸರು ಇಟ್ಟ ದಿನ ಮೇಲು ಅನ್ನುವ ಲೆಕ್ಕ. ನನಗೆ ಅದು ಅರ್ಥವಾಗುತ್ತದೆ.

ನಮ್ಮ ಕರ್ನಾಟಕದವರು ಎರಡನ್ನೂ ಒಂದೇ ದಿನಕ್ಕೆ ತಂದು ಕೂರಿಸಿಬಿಟ್ಟರು. 1972ರ ಜುಲೈನಲ್ಲಿ ವಿಧಾನಸಭೆಯಲ್ಲಿ ನಿರ್ಣಯ ಆಗಿತ್ತು. ಹೆಸರು ಬದಲಾದದ್ದು 1973ರ ನವೆಂಬರ್ 1ಕ್ಕೆ, ದೇವರಾಜ ಅರಸರ ಕಾಲದಲ್ಲಿ. ರಾಜ್ಯ ಹುಟ್ಟಿದ ದಿನವನ್ನೇ ನೋಡಿ ಆರಿಸಿದ್ದು. 2014ರಲ್ಲಿ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ, ಬಳ್ಳಾರಿ ಸೇರಿ 12 ಊರುಗಳ ಹೆಸರು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಕ್ಕೆ ಬಂದಾಗಲೂ ಅದೇ ದಿನ. ಹೀಗೆ ಒಂದು ತಾರೀಖಿಗೆ ಒಮ್ಮೆ ತೂಕ ಬಂತು ಅಂದರೆ ಮುಂದಿನದೆಲ್ಲ ಅಲ್ಲಿಗೇ ಬಂದು ಸೇರುತ್ತದೆ. ಐವತ್ತು ವರ್ಷ ಕಳೆದ ಮೇಲೆ ಪಟ್ಟಿ ನೋಡಿದವರಿಗೆ "ಅಬ್ಬಾ, ಎಂಥಾ ಯೋಗಾಯೋಗ!" ಅನಿಸುತ್ತದೆ. ಯೋಗಾಯೋಗ ಎಂಥದ್ದೂ ಇಲ್ಲ, ಫೈಲು ಮುಂದೆ ಇಟ್ಟುಕೊಂಡು ಮಾಡಿದ ಕೆಲಸ.

ನಿಜವಾದ ಯೋಗಾಯೋಗ ಬೇಕಾ? ಮೈಸೂರು ರಾಜ್ಯ ಕರ್ನಾಟಕ ಆದ ಅದೇ 1973ರ ನವೆಂಬರ್ 1ರಂದು ಮಂಗಳೂರಿನಲ್ಲಿ ಐಶ್ವರ್ಯಾ ರೈ ಹುಟ್ಟಿದರು. ಇದಕ್ಕೆ ಅರಸರೂ ಕಾರಣರಲ್ಲ, ಗುಮಾಸ್ತರೂ ಕಾರಣರಲ್ಲ. ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಎದ್ದ ಗದ್ದಲ ಫಜಲ್ ಅಲಿ ಅಂದಾಗ ಏಳಲಿಲ್ಲ. ಹಿಂದಿನ ಬೆಂಚಿನ ಕ್ರಿಕೆಟ್ ಹುಚ್ಚ ಒಬ್ಬ "ಲಕ್ಷ್ಮಣ್ ಕೂಡ ನವೆಂಬರ್ ಒಂದೇ" ಅಂದ. ಹೌದು, ವಿ.ವಿ.ಎಸ್. ಲಕ್ಷ್ಮಣ್ 1974. ವರ್ಷಕ್ಕೆ 365 ದಿನ, ಹುಟ್ಟುವ ಜನ ಕೋಟಿಗಟ್ಟಲೆ. ಯಾವ ದಿನ ತೆಗೆದರೂ ಇಬ್ಬರು ಮೂವರು ಹೆಸರುವಾಸಿಗಳು ಸಿಕ್ಕೇ ಸಿಗುತ್ತಾರೆ.

1858ನ್ನೂ ಬೇಗ ಹೇಳಿ ಮುಗಿಸುತ್ತೇನೆ. ಆ ವರ್ಷದ ನವೆಂಬರ್ 1ಕ್ಕೆ ಗವರ್ನರ್ ಜನರಲ್ ಕ್ಯಾನಿಂಗ್ ಅಲಹಾಬಾದಿನಲ್ಲಿ ವಿಕ್ಟೋರಿಯಾ ರಾಣಿಯ ಘೋಷಣೆ ಓದಿದ. ಕಂಪನಿ ಆಳ್ವಿಕೆ ಮುಗಿಯಿತು. ಕಾಯ್ದೆ ಲಂಡನ್ನಿನಲ್ಲಿ ಆಗಸ್ಟ್ 2ಕ್ಕೇ ಆಗಿತ್ತು. ಆಗಿನ್ನೂ ಇಂಗ್ಲೆಂಡಿನಿಂದ ಇಲ್ಲಿಗೆ ತಂತಿ ಇರಲಿಲ್ಲ, ಕಾಗದ ಹಡಗಿನಲ್ಲಿ ಬರಬೇಕು. 1857ರ ದಂಗೆಯಲ್ಲಿ ಬ್ರಿಟಿಷರನ್ನು ಕೊಂದ ಕೈಗಳನ್ನು ಬಿಟ್ಟು ಉಳಿದ ದಂಗೆಕೋರರಿಗೆ ಕ್ಷಮೆ ಅಂತ ಘೋಷಣೆಯಲ್ಲಿತ್ತು. ನರಗುಂದದ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿ ಆಗಲೇ ನಾಲ್ಕು ತಿಂಗಳಾಗಿತ್ತು. ಮುಂಡರಗಿ ಭೀಮರಾಯ ಕೊಪ್ಪಳದಲ್ಲಿ ಸತ್ತಾಗಿತ್ತು. ಸಂಸ್ಥಾನಗಳನ್ನು ಇನ್ನು ನುಂಗುವುದಿಲ್ಲ ಅನ್ನುವ ಮಾತೂ ಅದರಲ್ಲಿತ್ತು. ಆ ಮಾತಿನ ಫಲ ಮೈಸೂರಿಗೆ 1881ರಲ್ಲಿ, ರಾಜ್ಯ ಮತ್ತೆ ಒಡೆಯರ ಕೈಗೆ ಬಂದಾಗ ಸಿಕ್ಕಿತು. ಅವಧದ ಬೇಗಂ ಹಜರತ್ ಮಹಲ್ ಮಾತ್ರ ಈ ಘೋಷಣೆಯನ್ನು ನಂಬಬೇಡಿ ಅಂತ ತನ್ನದೇ ಒಂದು ಪ್ರತಿ ಘೋಷಣೆ ಹೊರಡಿಸಿದಳು. ಶಾಲೆ ಪುಸ್ತಕದಲ್ಲಿ ಮೊದಲನೆಯದು ಇದೆ, ಎರಡನೆಯದು ಇಲ್ಲ.

ಇನ್ನು ಪಟ್ಟಿಯ ಅತಿ ದೊಡ್ಡ ಸಾಲು. 1755, ಪೋರ್ಚುಗಲ್ಲಿನ ಲಿಸ್ಬನ್.

ಇದು ಭೂಕಂಪ. ಭೂಮಿಗೆ ಕ್ಯಾಲೆಂಡರ್ ಗೊತ್ತಿಲ್ಲ. ಹಾಗಾಗಿ ಇಲ್ಲಿ ತಾರೀಖಿಗೆ ಅರ್ಥವೇ ಇಲ್ಲ ಅಂದುಕೊಳ್ಳಬಹುದು. ಆದರೆ ಅಷ್ಟು ಜನ ಸತ್ತದ್ದರಲ್ಲಿ ತಾರೀಖಿನ ಪಾಲು ದೊಡ್ಡದು. ನವೆಂಬರ್ 1 ಕ್ಯಾಥೊಲಿಕರಿಗೆ ಸಕಲ ಸಂತರ ಹಬ್ಬ. ನಮ್ಮ ಮಂಜೇಶ್ವರ ಕಡೆಯ ಇಗರ್ಜಿಗಳಲ್ಲೂ ಅವತ್ತು ಪೂಜೆ ಇರುತ್ತದೆ, ಮರುದಿನ ಸತ್ತವರ ಸಮಾಧಿಗೆ ಹೂವು, ಮೇಣದ ಬತ್ತಿ. ಲಿಸ್ಬನ್ನಿನಲ್ಲಿ ಆ ಶನಿವಾರ ಬೆಳಗ್ಗೆ ಒಂಬತ್ತೂ ಮುಕ್ಕಾಲರ ಸುಮಾರಿಗೆ ನೆಲ ನಡುಗಿದಾಗ ಊರಿನ ಇಗರ್ಜಿಗಳೆಲ್ಲ ತುಂಬಿದ್ದವು. ಕಲ್ಲಿನ ಕಮಾನುಗಳು ಪ್ರಾರ್ಥನೆಗೆ ಬಂದವರ ಮೇಲೆ ಬಿದ್ದವು. ಹಬ್ಬಕ್ಕೆ ಎಲ್ಲೆಡೆ ಮೇಣದ ಬತ್ತಿ ಹಚ್ಚಿಟ್ಟಿದ್ದರು, ಅಡುಗೆ ಒಲೆಗಳೂ ಉರಿಯುತ್ತಿದ್ದವು. ಬಿದ್ದ ಮರಮುಟ್ಟಿಗೆ ಬೆಂಕಿ ಹತ್ತಿತು. ಕಟ್ಟಡ ಬೀಳದ ಬಯಲು ಬೇಕೆಂದು ಜನ ಹೊಳೆಯ ದಂಡೆಗೆ ಓಡಿದರು. ಮುಕ್ಕಾಲು ಗಂಟೆ ಆಗುವುದರೊಳಗೆ ತೇಜೋ ನದಿಯ ಬಾಯಿಂದ ಸುನಾಮಿ ಬಂತು. ಬೆಂಕಿ ದಿನಗಟ್ಟಲೆ ಉರಿಯಿತು. ಲಿಸ್ಬನ್ನಿನಲ್ಲಿ 30 ಸಾವಿರದಿಂದ 50 ಸಾವಿರ ಜನ ಸತ್ತರು ಅನ್ನುವುದು ಸಾಮಾನ್ಯ ಅಂದಾಜು. ಅದೇ ಭೂಕಂಪ ಒಂದು ಮಾಮೂಲಿ ಶನಿವಾರ ಆಗಿದ್ದರೆ ಜನ ಅಷ್ಟೊಂದು ಕಲ್ಲು ಕಮಾನುಗಳ ಕೆಳಗೆ ಒಟ್ಟಿಗೆ ಕೂತಿರುತ್ತಿರಲಿಲ್ಲ.

ಅರಮನೆ ಹೋಯಿತು. ಏಳು ತಿಂಗಳ ಹಿಂದಷ್ಟೇ ತೆರೆದಿದ್ದ ಒಪೆರಾ ಮನೆ ಹೋಯಿತು. ಪೂರ್ವದೇಶಗಳ ವ್ಯಾಪಾರ ನೋಡಿಕೊಳ್ಳುತ್ತಿದ್ದ ಕಾಸಾ ದ ಇಂದಿಯಾ ಕಚೇರಿಯ ದಾಖಲೆಗಳೂ ಸುಟ್ಟವು. ಅಂದರೆ ಗೋವಾ, ಕಲ್ಲಿಕೋಟೆ, ಕೊಚ್ಚಿ, ಕನ್ನಡ ಕರಾವಳಿಯ ಮೆಣಸು, ಅಕ್ಕಿ ವ್ಯಾಪಾರದ ಎಷ್ಟೋ ಲೆಕ್ಕ ಅಲ್ಲಿ ಬೂದಿಯಾಗಿದೆ. ಇದನ್ನು ಓದಿದಾಗ ನನಗೆ ಅರಮನೆಗಿಂತ ಇದಕ್ಕೇ ಹೆಚ್ಚು ಹೊಟ್ಟೆ ಉರಿಯಿತು. ರಾಜ ಜೋಸೆಫ್ ಬದುಕಿಕೊಂಡ, ಊರ ಹೊರಗೆ ಬೆಲೆಂನಲ್ಲಿದ್ದ. ಆಮೇಲೆ ಕಲ್ಲಿನ ಛಾವಣಿ ಅಂದರೇ ಹೆದರಿ ಅಜುದಾ ಗುಡ್ಡದ ಮೇಲೆ ಡೇರೆ, ಮರದ ಮನೆಗಳಲ್ಲೇ ಕಾಲ ಕಳೆದ.

ಊರು ಮತ್ತೆ ಕಟ್ಟಿಸಿದವನು ಅವನ ಮಂತ್ರಿ. ಮುಂದೆ ಪೊಂಬಾಲ್ ಅಂತ ಹೆಸರಾದವನು. ಅವನ ಒಂದು ಕೆಲಸ ನನಗೆ ಬಹಳ ಇಷ್ಟ. ದೇಶದ ಎಲ್ಲ ಇಗರ್ಜಿಗಳ ಪಾದ್ರಿಗಳಿಗೆ ಪ್ರಶ್ನೆಪತ್ರಿಕೆ ಕಳಿಸಿದ. ನಡುಕ ಎಷ್ಟು ಹೊತ್ತು ಇತ್ತು? ಸಮುದ್ರ ಮೊದಲು ಹಿಂದೆ ಸರಿಯಿತಾ, ಮುಂದೆ ಬಂತಾ? ಬಾವಿ ನೀರು ಏನಾಯಿತು? ದೇವರ ಕೋಪ ಅಂತ ಎಲ್ಲರೂ ಬೊಬ್ಬೆ ಹಾಕುತ್ತಿದ್ದಾಗ ಒಬ್ಬ ಕೂತು ಅಂಕಿ ಕೇಳಿದ. ಆ ಉತ್ತರಗಳಿಂದಲೇ ಇವತ್ತಿಗೂ ಭೂಕಂಪದ ಅಧ್ಯಯನ ಮಾಡುವವರು ಆ ದಿನದ ಲೆಕ್ಕ ಹಾಕುತ್ತಾರೆ. ಇದೇ ಮನುಷ್ಯ 1759ರಲ್ಲಿ ಜೆಸುಯಿಟರನ್ನು ಪೋರ್ಚುಗಲ್ಲಿನಿಂದಲೂ ಗೋವಾದಿಂದಲೂ ಓಡಿಸಿದ. ಒಳ್ಳೆಯವನು, ಕೆಟ್ಟವನು ಅಂತ ಒಂದು ಸಾಲಿನಲ್ಲಿ ಮುಗಿಸುವ ಹಾಗಿಲ್ಲ.

ಅದೇ ಸಂತರ ಹಬ್ಬಕ್ಕೆ 1512ರಲ್ಲಿ ರೋಮಿನ ಸಿಸ್ಟೀನ್ ಚಾಪೆಲ್ಲಿನ ಛಾವಣಿಯನ್ನು ಜನರಿಗೆ ತೋರಿಸಿದರು. ಮೈಕೆಲಾಂಜೆಲೊ ನಾಲ್ಕು ವರ್ಷ ಕತ್ತು ಮೇಲೆತ್ತಿ ಬರೆದದ್ದು. ಹಬ್ಬದ ಪೂಜೆಗೆ ಸರಿಯಾಗಿ ತೆರೆಯಬೇಕು ಅಂತಲೇ ತೆರೆದದ್ದು. ಒಂದು ಕಡೆ ಹಬ್ಬ ಛಾವಣಿ ತೋರಿಸಿತು, ಇನ್ನೊಂದು ಕಡೆ ಹಬ್ಬದ ದಿನವೇ ಛಾವಣಿ ಬಿತ್ತು. ಪಟ್ಟಿ ಬರೆಯುವವರು ಇಷ್ಟಾದರೂ ಹೇಳಬಹುದಿತ್ತು.

ಇಲ್ಲೊಂದು ಕಿತಾಪತಿ ಇದೆ. 1512ರಲ್ಲಿ ಇದ್ದದ್ದು ಹಳೇ ಜೂಲಿಯನ್ ಕ್ಯಾಲೆಂಡರ್. 1582ರಲ್ಲಿ ಪೋಪ್ ಗ್ರೆಗೊರಿ ಅದನ್ನು ತಿದ್ದಿ, ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಅಂದುಬಿಟ್ಟ. ಈಗಿನ ಲೆಕ್ಕದಲ್ಲಿ ಆ ಛಾವಣಿ ತೆರೆದದ್ದು ನವೆಂಬರ್ 11. ಹಾಗಾದರೆ ಅದು ಈ ಪಟ್ಟಿಯಲ್ಲಿ ಇರಬೇಕಾ, ಬೇಡವಾ? ಹಬ್ಬದ ಲೆಕ್ಕದಲ್ಲಿ ಇರಬೇಕು, ಸೂರ್ಯನ ಲೆಕ್ಕದಲ್ಲಿ ಬೇಡ. ನನ್ನ ಅಜ್ಜಿಗೆ ಈ ತಲೆನೋವೇ ಇರಲಿಲ್ಲ. ಅವರಿಗೆ ಎಲ್ಲ ತುಳು ತಿಂಗಳುಗಳ ಲೆಕ್ಕ, ಪತ್ತನಾಜೆಗೆ ಮೊದಲು, ಸೋಣ ತಿಂಗಳು ಕಳೆದು, ಬೊಂತೆಲ್‌ನಲ್ಲಿ. ತಾರೀಖು ಬೇಕಾದವರು ಹುಡುಕಿಕೊಳ್ಳಲಿ.

1952ರ ಹೈಡ್ರೋಜನ್ ಬಾಂಬಿನ ಕಥೆಯೂ ಹೀಗೇ. ಪೆಸಿಫಿಕ್ ಸಮುದ್ರದ ಎನೆವೆಟಾಕ್‌ನಲ್ಲಿ ಅಮೆರಿಕದವರು ಸಿಡಿಸಿದ ಮೊದಲ ದೊಡ್ಡ ಹೈಡ್ರೋಜನ್ ಬಾಂಬು, ಐವಿ ಮೈಕ್. 10.4 ಮೆಗಾಟನ್. ಎಲುಗೆಲಾಬ್ ಅನ್ನುವ ಪುಟ್ಟ ದ್ವೀಪ ಭೂಪಟದಿಂದಲೇ ಮಾಯ. ಅಲ್ಲಿ ಆಗ ನವೆಂಬರ್ 1ರ ಬೆಳಗ್ಗೆ. ವಾಷಿಂಗ್ಟನ್ನಿನಲ್ಲಿ ಇನ್ನೂ ಅಕ್ಟೋಬರ್ 31. ಆ ಬಾಂಬಿಗೆ ದಾರಿ ತೋರಿದ ಎಡ್ವರ್ಡ್ ಟೆಲ್ಲರ್ ಕ್ಯಾಲಿಫೋರ್ನಿಯಾದಲ್ಲಿ ಭೂಕಂಪ ಅಳೆಯುವ ಯಂತ್ರದ ಮುಂದೆ ಕೂತು, ನೆಲದ ಮೂಲಕ ಬಂದ ನಡುಕವನ್ನು ನೋಡಿ ಬಾಂಬು ಸಿಡಿಯಿತು ಅಂತ ತಿಳಿದುಕೊಂಡ. ಅವನ ಗೋಡೆಯ ಕ್ಯಾಲೆಂಡರಿನಲ್ಲಿ ಅಕ್ಟೋಬರೇ. ಒಂದೇ ಸ್ಫೋಟಕ್ಕೆ ಎರಡು ತಾರೀಖು. ಭೂಗೋಳ ಪಾಠದ ದಿನಾಂಕ ರೇಖೆಯನ್ನು ನಾನು ಈಗ ಇದೇ ಉದಾಹರಣೆಯಿಂದ ಹೇಳಿಕೊಡುತ್ತೇನೆ. ಮಕ್ಕಳು ಮರೆಯುವುದಿಲ್ಲ.

ಕೊನೆಗೆ, ಇಡೀ ಪಟ್ಟಿಯಲ್ಲಿ ನನ್ನನ್ನು ಹೆಚ್ಚು ಕಾಡಿದ ವರ್ಷ 1954. ಅದರಲ್ಲಿ ಎರಡು ಸಾಲು ಇರುತ್ತವೆ, ಸಾಮಾನ್ಯವಾಗಿ ದೂರ ದೂರ. ಪುದುಚೇರಿ ಭಾರತಕ್ಕೆ ಬಂತು. ಅಲ್ಜೀರಿಯಾದಲ್ಲಿ ಯುದ್ಧ ಶುರುವಾಯಿತು. ಎರಡೂ ಒಂದೇ ದಿನ, 1954ರ ನವೆಂಬರ್ 1. ಎರಡರ ಎದುರಿಗೂ ಇದ್ದದ್ದು ಒಂದೇ ಫ್ರಾನ್ಸ್, ಒಬ್ಬನೇ ಪ್ರಧಾನಿ, ಮೆಂಡೆಸ್ ಫ್ರಾನ್ಸ್.

ಆ ವರ್ಷ ಮೇ ತಿಂಗಳಲ್ಲಿ ಫ್ರೆಂಚರು ವಿಯೆಟ್ನಾಮಿನ ದಿಯೆನ್ ಬಿಯೆನ್ ಫು ಅಲ್ಲಿ ಸೋತಿದ್ದರು. ಜುಲೈನಲ್ಲಿ ಜಿನೀವಾದಲ್ಲಿ ಸಹಿ ಹಾಕಿ ಅಲ್ಲಿಂದ ಹೊರಬರಲು ಒಪ್ಪಿದರು. ಇಲ್ಲಿ ಅವರ ಕೈಯಲ್ಲಿದ್ದದ್ದು ಪುದುಚೇರಿ, ಕಾರೈಕಲ್, ಯಾನಂ, ಮಾಹೆ ಅನ್ನುವ ಚಿಕ್ಕ ಚಿಕ್ಕ ತುಂಡುಗಳು. ನಮಗೆ ಹತ್ತಿರದ್ದು ಮಾಹೆ. ಕಾಸರಗೋಡಿನಿಂದ ಕಲ್ಲಿಕೋಟೆಗೆ ರೈಲಿನಲ್ಲಿ ಹೋಗುವಾಗ ತಲಶ್ಶೇರಿ ಆದ ಮೇಲೆ ಸಿಗುತ್ತದೆ. ಈಗ ಜನರಿಗೆ ಅದು ಅಗ್ಗದ ಪೆಟ್ರೋಲು, ಅಗ್ಗದ ಬಾಟಲಿ ಸಿಗುವ ಊರು. ಅಲ್ಲಿ ಜನ ಎದ್ದು ನಿಂತು, ಜುಲೈ 16ಕ್ಕೇ ಫ್ರೆಂಚ್ ಅಧಿಕಾರಿ ಊರು ಬಿಟ್ಟಾಗಿತ್ತು. ಅಕ್ಟೋಬರ್ 18ಕ್ಕೆ ಪುದುಚೇರಿ ಹತ್ತಿರದ ಕೀಳೂರಿನಲ್ಲಿ ಜನಪ್ರತಿನಿಧಿಗಳು ಸೇರಿ ಮತ ಹಾಕಿದರು. 178 ಜನರಲ್ಲಿ 170 ಭಾರತದ ಕಡೆ, 8 ಫ್ರಾನ್ಸಿನ ಕಡೆ. ಎರಡು ವಾರಕ್ಕೆ, ನವೆಂಬರ್ 1ಕ್ಕೆ, ಫ್ರಾನ್ಸಿನ ಪರವಾಗಿ ಪಿಯೆರ್ ಲಾಂದಿ, ಭಾರತದ ಪರವಾಗಿ ಕೇವಲ್ ಸಿಂಗ್. ಕಾಗದಕ್ಕೆ ಸಹಿ ಬಿತ್ತು, ಬಾವುಟ ಬದಲಾಯಿತು. ಇದೂ ಒಂದನೇ ತಾರೀಖಿನ ಗುಮಾಸ್ತ ಲೆಕ್ಕವೇ ಇರಬೇಕು.

ಅದೇ ದಿನ, ನಡುರಾತ್ರಿ ಕಳೆದ ಹೊತ್ತಿನಿಂದ, ಅಲ್ಜೀರಿಯಾದ ಉದ್ದಗಲಕ್ಕೂ ಸುಮಾರು 70 ಕಡೆ ದಾಳಿ. ಪೊಲೀಸ್ ಠಾಣೆ, ಸೈನಿಕರ ನೆಲೆ, ತಂತಿ ಕಂಬ. ಮಾಡಿದವರು ಎಫ್‌ಎಲ್‌ಎನ್, ಅಂದರೆ ರಾಷ್ಟ್ರೀಯ ವಿಮೋಚನಾ ರಂಗ ಅನ್ನುವ ಹೊಸ ಸಂಘಟನೆಯವರು. ದಿನವನ್ನು ನೋಡಿಯೇ ಆರಿಸಿದ್ದರು. ಫ್ರೆಂಚರಿಗೆ ಅವತ್ತು ಸಂತರ ಹಬ್ಬ, ಕಾವಲು ಸಡಿಲ. ಫ್ರೆಂಚರು ಈಗಲೂ ಆ ದಿನವನ್ನು ಕೆಂಪು ಸಂತರ ಹಬ್ಬ ಅನ್ನುತ್ತಾರೆ. ಅಲ್ಜೀರಿಯಾದಲ್ಲಿ ಅದು ರಾಷ್ಟ್ರೀಯ ಹಬ್ಬ.

ಒಂದು ಕಡೆ ಒಂದು ಸಹಿ, ಇನ್ನೊಂದು ಕಡೆ ಎಂಟು ವರ್ಷದ ಹತ್ತಿರ ಹತ್ತಿರ ಯುದ್ಧ, ಲಕ್ಷಗಟ್ಟಲೆ ಸಾವು. ಒಂದೇ ಸರ್ಕಾರ, ಒಂದೇ ದಿನ. ಹೇಗೆ? ಪುದುಚೇರಿ ಅವರಿಗೆ ದೂರದ ಒಂದು ಹಳೇ ವ್ಯಾಪಾರದ ನೆಲೆ. ಅಲ್ಲಿ ನೆಲೆಸಿದ ಫ್ರೆಂಚರು ಬಹಳ ಕಮ್ಮಿ. ಪಕ್ಕದಲ್ಲಿ ದೊಡ್ಡ ಸ್ವತಂತ್ರ ದೇಶ ಕಾದು ಕೂತಿತ್ತು. ಅಲ್ಜೀರಿಯಾ ಕಾನೂನಿನ ಪ್ರಕಾರ ವಸಾಹತೇ ಅಲ್ಲ, ಫ್ರಾನ್ಸಿನದೇ ಜಿಲ್ಲೆಗಳು. 1830ರಿಂದ ಬಂದು ನೆಲೆಸಿದ ಯುರೋಪಿಯನ್ನರು ಹತ್ತು ಲಕ್ಷದ ಹತ್ತಿರ ಇದ್ದರು. ಒಳ್ಳೆಯ ಜಮೀನೆಲ್ಲ ಅವರದ್ದು. ಅಂಥದ್ದನ್ನು ಸಹಿ ಹಾಕಿ ಕೊಡುವ ಧೈರ್ಯ ಪ್ಯಾರಿಸಿನಲ್ಲಿ ಯಾರಿಗೂ ಇರಲಿಲ್ಲ. ಆಗ ಗೃಹಮಂತ್ರಿಯಾಗಿದ್ದ ಮಿತೆರಾನ್, ಮುಂದೆ ಅಧ್ಯಕ್ಷನಾದವನು, ಅಲ್ಜೀರಿಯಾ ಅಂದರೆ ಫ್ರಾನ್ಸೇ ಅಂತ ಹೇಳಿದ್ದು ಆ ತಿಂಗಳೇ.

ಈ ಎರಡು ಸಾಲು ಅಲ್ಲಿಗೇ ಬೇರೆಯಾಗುವುದಿಲ್ಲ. ಪುದುಚೇರಿಯನ್ನು ಕೊಟ್ಟದ್ದು 1954ರಲ್ಲಿ ಬರೀ ಆಡಳಿತದ ಮಟ್ಟಿಗೆ. ಕಾನೂನು ಪ್ರಕಾರದ ಒಪ್ಪಂದಕ್ಕೆ 1956ರ ಮೇ 28ಕ್ಕೆ ಸಹಿ ಆಯಿತು. ಅದನ್ನು ಫ್ರೆಂಚ್ ಸಂಸತ್ತು ಒಪ್ಪಬೇಕಿತ್ತು. ಆಗ ಅಲ್ಜೀರಿಯಾ ಯುದ್ಧ ಜೋರಾಗಿ ನಡೆದಿತ್ತು. ಒಂದು ಇಂಚು ನೆಲ ಬಿಟ್ಟುಕೊಡುವ ಮಾತನ್ನೂ ಸಂಸತ್ತಿನ ಮುಂದೆ ಇಡುವ ಹಾಗಿರಲಿಲ್ಲ. ಫೈಲು ಆರು ವರ್ಷ ಕೂತಿತು. 1962ರ ಜುಲೈ 5ಕ್ಕೆ ಅಲ್ಜೀರಿಯಾ ಸ್ವತಂತ್ರವಾಯಿತು. ಅದಾದ ಮೇಲೆ ಅದೇ ಬೇಸಿಗೆಯಲ್ಲಿ ಒಪ್ಪಿಗೆ ಬಂತು. ಆಗಸ್ಟ್ 16ಕ್ಕೆ ಪುದುಚೇರಿ, ಮಾಹೆ ಕಾನೂನು ಪ್ರಕಾರವೂ ಭಾರತದ್ದಾದವು. ಮಾಹೆಯ ಜನರ ಕಾಗದ ಪತ್ರ ಅಲ್ಜೀರಿಯಾದ ಬೆಟ್ಟಗಳಲ್ಲಿ ಸಿಕ್ಕಿಕೊಂಡಿತ್ತು ಅಂದರೆ ಜಾಸ್ತಿ ಹೇಳಿದ ಹಾಗೆ ಆಗಲಿಕ್ಕಿಲ್ಲ. ಈ ಇಬ್ಬರು ಮಾತ್ರ ಆ ಬಸ್ಸಿನಲ್ಲಿ ಪಕ್ಕಾ ನೆಂಟರು.

ಹೀಗಾಗಿ ಪುದುಚೇರಿಯಲ್ಲಿ ಆಗಸ್ಟ್ 15ಕ್ಕೆ ಎಲ್ಲರ ಜೊತೆ ಸ್ವಾತಂತ್ರ್ಯ ದಿನ, ಮರುದಿನ 16ಕ್ಕೆ ಕಾನೂನು ಪ್ರಕಾರ ಸೇರಿದ ದಿನ, ನವೆಂಬರ್ 1ಕ್ಕೆ ವಿಮೋಚನಾ ದಿನ. ಮೂರಕ್ಕೂ ರಜೆ. ಮಾಹೆ ಆ ಆಡಳಿತಕ್ಕೇ ಸೇರಿದ್ದು, ಅಲ್ಲಿನ ಶಾಲೆಗಳಿಗೂ ರಜೆ. ಇದನ್ನು ಕ್ಲಾಸಿನಲ್ಲಿ ಹೇಳಿದ್ದೇ ತಡ, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕಾ, ಕೇರಳದಲ್ಲೇ ಇರಬೇಕಾ ಅನ್ನುವ ಹಳೇ ಜಗಳಕ್ಕೆ ಹಿಂದಿನ ಬೆಂಚಿನಿಂದ ಮೂರನೇ ಪರಿಹಾರ ಬಂತು. "ಟೀಚರ್, ನಮ್ಮನ್ನು ಮಾಹೆಗೆ ಸೇರಿಸಿ."